ಕ್ಯಾನ್ಸರ್ ಕೇಂದ್ರ ಬಂದರೆ ಸಾಕೇ, ಶುಶ್ರೂಷಕರು ಬೇಡವೇ?

ಹೆಗ್ಗರಣೆ (ಸಿದ್ದಾಪುರ): ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷಗಳೊಳಗೆ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025ರ ಫೆಬ್ರುವರಿಯಲ್ಲಿ ಮಂಡಿಸಲಾದ ಕೇಂದ್ರ ಬಜೆಟ್ ಘೋಷಿಸಿತು. ಚಿಕಿತ್ಸೆಗಾಗಿ ಹುಬ್ಬಳ್ಳಿ, ಮಣಿಪಾಲ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯತ್ತ ಮುಖ ಮಾಡಬೇಕಾದ ಮಲೆನಾಡಿನ ಹಳ್ಳಿಗಳಿಗೆ ಇದು ಸಮಾಧಾನದ ಸುದ್ದಿ. ಆದರೆ ಅಲ್ಲಿ ಕಿಮೊಥೆರಪಿ ನೀಡುವ ಕೈಗಳು ಯಾರವು ಎಂಬ ಪ್ರಶ್ನೆ ಉಳಿದಿದೆ.

ಕೆಲವು ಕಿಮೊ ಔಷಧಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆಯುತ್ತದೆ. ಚಿಕಿತ್ಸೆಯಿಂದ ಬಿಳಿ ರಕ್ತಕಣ ಕುಸಿದವರಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರವೂ ತುರ್ತು ಸ್ಥಿತಿ. ಹೆಗ್ಗರಣೆಯಿಂದ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಘಟ್ಟ ಇಳಿದು ಹೋಗಬೇಕು. ರಾತ್ರಿ ಜ್ವರ ಬಂದರೆ ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ಇದನ್ನು ಮನೆಯವರಿಗೆ ಮೊದಲೇ ಮನಗಾಣಿಸುವುದು ತರಬೇತಾದ ಶುಶ್ರೂಷಕರ ಕೆಲಸ. ತಂಬಾಕು ಬೆರೆಸಿದ ಕವಳದ ರೂಢಿಯಿರುವ ಈ ಭಾಗದಲ್ಲಿ ಬಾಯಿಯ ಹುಣ್ಣನ್ನು ಬೇಗ ಗುರುತಿಸಲೂ ಅವರು ಬೇಕು.

ಕಲಿಕೆಗೆ ದಾರಿಗಳಿವೆ. ಎರಡು ವರ್ಷಗಳ ಎಂ.ಎಸ್ಸಿ. ನರ್ಸಿಂಗ್‌ನಲ್ಲಿ ಕ್ಯಾನ್ಸರ್ ಶುಶ್ರೂಷೆಯನ್ನು ವಿಶೇಷ ವಿಷಯವಾಗಿ ಓದಬಹುದು. ನೋಂದಾಯಿತ ಶುಶ್ರೂಷಕರಿಗೆ ಒಂದು ವರ್ಷದ ಡಿಪ್ಲೊಮಾ ಪಠ್ಯಕ್ರಮವನ್ನೂ ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದೆ. ಲ್ಯುಕೇಮಿಯಾದಂಥ ರಕ್ತದ ಕ್ಯಾನ್ಸರ್‌ಗಳೂ ಈ ಕಲಿಕೆಯ ಭಾಗ.

ಆದರೆ ಓದಿದವರಿಗೆ ತಕ್ಕ ಹುದ್ದೆ, ಭತ್ಯೆ ಇಲ್ಲದಿದ್ದರೆ ಅವರು ಮಹಾನಗರ ಇಲ್ಲವೇ ವಿದೇಶದ ಹಾದಿ ಹಿಡಿಯುವುದು ಸಹಜ. ಸೇವೆಯಲ್ಲಿರುವ ಸ್ಥಳೀಯ ಶುಶ್ರೂಷಕರನ್ನೇ ವೇತನಸಹಿತ ತರಬೇತಿಗೆ ಕಳುಹಿಸಿ, ಮರಳಿದ ಮೇಲೆ ಅದೇ ವಿಭಾಗದಲ್ಲಿ ಉಳಿಸಿಕೊಳ್ಳುವುದು ಸರಕಾರಕ್ಕೆ ಸಾಧ್ಯವಿರುವ ಮಾರ್ಗ. ಶಿರಸಿ, ಸಿದ್ದಾಪುರ ತಾಲೂಕು ಆಸ್ಪತ್ರೆಗಳಲ್ಲಿ ಅಂಥ ಒಬ್ಬೊಬ್ಬರಿದ್ದರೂ ಘಟ್ಟದ ಮೇಲಿನ ರೋಗಿಗಳಿಗೆ ಅದೊಂದು ದೊಡ್ಡ ಆಸರೆ.