ಐದು ಡಾಲರ್ ಕೋಳಿ ಮತ್ತು ಮೂಗು ಮುರಿಯುವವರು

"ಏನ್ರೀ, ಶನಿವಾರನೂ ಅಂಗಡಿ ಕೋಳೀನಾ? ಮನೇಲಿ ಮಾಡೋಕೇನು ಧಾಡಿ?"

ಅಮೆರಿಕದಲ್ಲಿರೋ ನಮ್ಮ ಕನ್ನಡಿಗರ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಸುತ್ತೆ. ಹೇಳೋರು ಹೆಚ್ಚಾಗಿ ಗಂಡಸರು, ಅದೂ ಸೋಫಾ ಮೇಲೆ ಕೂತು! ಇದಕ್ಕೊಂದು ಉತ್ತರ ಬರೀಲೇಬೇಕು ಅಂತ ಬಹಳ ದಿನದಿಂದ ಅನ್ನಿಸ್ತಿತ್ತು. (ಸಸ್ಯಾಹಾರಿಗಳು ಕ್ಷಮಿಸಬೇಕು.)

ಮೊದಲು ಕೋಳಿ ವಿಷಯ. ಕಾಸ್ಟ್ಕೋದಲ್ಲಿ ಮೂರು ಪೌಂಡ್ ತೂಗುವ, ಬಿಸಿಬಿಸಿ ಸುಟ್ಟ ಇಡೀ ಕೋಳಿಗೆ 4.99 ಡಾಲರ್. 2009ರಿಂದ ಇದೇ ಬೆಲೆ. ಹಾಗಂತ ಅವರೇನು ಧರ್ಮಛತ್ರ ನಡೆಸ್ತಿಲ್ಲ. ಬೆಲೆ ಏರಿಸದೇ ಇರೋದಕ್ಕೆ ವರ್ಷಕ್ಕೆ 3ರಿಂದ 4 ಕೋಟಿ ಡಾಲರ್ ಲಾಭ ಬಿಟ್ಟುಕೊಡ್ತಿದ್ದೀವಿ ಅಂತ ಆಗಿನ ಹಣಕಾಸು ಮುಖ್ಯಸ್ಥರೇ 2015ರಲ್ಲಿ ಹೇಳಿದ್ದರು. ಕೋಳಿ ಇಟ್ಟಿರೋದು ಅಂಗಡಿಯ ಹಿಂದಿನ ಕೊನೆಯಲ್ಲಿ. ಅಲ್ಲಿಗೆ ಹೋಗಿ ಬರೋಷ್ಟರಲ್ಲಿ ನಮ್ಮ ಗಾಡಿ ತುಂಬಿರುತ್ತೆ, ಲೆಕ್ಕ ಸರಿಹೋಗುತ್ತೆ. ಬೆಲೆ ಕೈಮೀರದಿರಲಿ ಅಂತ 2019ರಲ್ಲಿ ನೆಬ್ರಾಸ್ಕಾದ ಫ್ರೀಮಾಂಟ್‌ನಲ್ಲಿ ತಮ್ಮದೇ ಕೋಳಿ ಕಾರ್ಖಾನೆಯನ್ನೂ ತೆರೆದರು. ಮಾಂಸ ಒಣಗದಿರಲಿ ಅಂತ ಉಪ್ಪುನೀರು ಬೇರೆ ಸೇರಿಸಿರ್ತಾರೆ. ಬಿಪಿ ಇರೋರು ಹುಷಾರಾಗಿರಬೇಕು. ಇಂಥ ಕಾರಣ ಕೊಟ್ಟು ಬೇಡ ಅನ್ನೋರ ಜೊತೆ ನನಗೆ ಜಗಳ ಇಲ್ಲ.

ನನ್ನ ಜಗಳ ಇದನ್ನ ಸೋಮಾರಿತನ ಅನ್ನೋರ ಜೊತೆ. ನಮ್ಮ ಅಜ್ಜಿ ಕೋಳಿ ಹಿಡಿದು, ಪುಕ್ಕ ಕಿತ್ತು, ಬೆಂಕಿಗೆ ಹಿಡಿದು ಸುಟ್ಟು, ಒರಳಲ್ಲಿ ಖಾರ ರುಬ್ಬಿ ಸಾರು ಮಾಡ್ತಿದ್ದರು. ಅಮ್ಮನ ಕಾಲಕ್ಕೆ ಅಂಗಡಿಯವನೇ ತುಂಡು ಮಾಡಿಕೊಟ್ಟ, ಒರಳಿನ ಜಾಗಕ್ಕೆ ಮಿಕ್ಸಿ ಬಂತು. ಅಮ್ಮನನ್ನ ಯಾರಾದ್ರೂ ಸೋಮಾರಿ ಅಂದ್ರಾ? 2005ರಲ್ಲಿ ಬೆಂಗಳೂರಲ್ಲಿ ಶುರುವಾದ ಐಡಿ ಹಿಟ್ಟಿನ ಪ್ಯಾಕೆಟ್ಟಿನಿಂದ ದೋಸೆ ಹುಯ್ದರೆ ಅದು "ಮನೆ ದೋಸೆ". ಕೋಳಿ ಬೆಂದು ಬಂದರೆ ಮಾತ್ರ ಸಂಸ್ಕೃತಿ ಮುಳುಗಿಹೋಗುತ್ತೆ! ಆಫೀಸಲ್ಲಿ ಇವರೇ ಬೇರೆಯವರು ಬರೆದಿಟ್ಟ ಲೈಬ್ರರಿ ತಂದು ಕೋಡ್‌ಗೆ ಜೋಡಿಸ್ತಾರೆ, ಅದಕ್ಕೆ ಜಾಣತನ ಅಂತ ಹೆಸರು.

ಅಸಲು ವಿಷಯ ಬೇರೆ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ವಾರಪೂರ್ತಿ ದುಡೀತಾರೆ. ನಮ್ಮ ಮನೇಲೂ ಹಾಗೇ. ಕೋಳಿ ತೊಳೆದು, ಈರುಳ್ಳಿ ಹೆಚ್ಚಿ, ಮಸಾಲೆ ಹುರಿದು, ಬೇಯಿಸಿ, ಆಮೇಲೆ ಪಾತ್ರೆ ತೊಳೆಯೋಕೆ ಎರಡು ಮೂರು ಗಂಟೆ ಬೇಕು. ಆ ಗಂಟೆಗಳು ಯಾರವು? "ಮನೆ ರುಚಿ" ಅನ್ನೋ ಮಾತಿನ ಕೆಳಗೆ ಅಡಗಿರೋದು ಒಬ್ಬ ಹೆಣ್ಣುಮಗಳ ಶನಿವಾರ. ಅದನ್ನ ಯಾರೂ ಬಿಲ್ಲಲ್ಲಿ ಬರೆಯೋದಿಲ್ಲ.

ತಂದ ಕೋಳಿಯ ಮಾಂಸ ಬಿಡಿಸಿ, ಕರಿಬೇವು, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಹಾಕಿ ಹುರಿಯೋಕೆ ನನಗೆ ಹದಿನೈದು ನಿಮಿಷ ಸಾಕು. ಉಪ್ಪು ಹಾಕೋದೇ ಬೇಡ. ಮೂಳೆ ಕುದಿಸಿದ ನೀರಿಗೆ ಖಾರ ಹಾಕಿದ್ರೆ ಭಾನುವಾರ ಮುದ್ದೆಗೆ ಸಾರೂ ಆಯ್ತು.

ಇಲ್ಲ, ಮನೇಲಿ ಮಾಡಿದ್ದೇ ಬೇಕು ಅಂತೀರಾ? ಸಂತೋಷ. ಈ ಶನಿವಾರ ನೀವೇ ಈರುಳ್ಳಿ ಹೆಚ್ಚಿ, ಪಾತ್ರೆಯನ್ನೂ ನೀವೇ ತೊಳೀರಿ. ನಾವಿಬ್ಬರೂ ಖಂಡಿತ ಊಟಕ್ಕೆ ಬರ್ತೀವಿ. ಕೋಳಿ ತರೋದಿಲ್ಲ.

ಏನಂತೀರಿ?