ಮಕ್ಕಳ ತಟ್ಟೆಗೆ ಬಾಯಿ ಹಾಕಬೇಡಿ

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಎಂಬ ಜಗಳ ಕಾಗದದ ಮೇಲೆ ಮುಗಿದಿದೆ. 2024ರ ಸೆಪ್ಟೆಂಬರ್ 25ರಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗಿನ ಮಕ್ಕಳಿಗೆ ವಾರದ ಆರೂ ದಿನ ಮೊಟ್ಟೆ ಎಂದು ತೀರ್ಮಾನವಾಗಿದೆ. ಎರಡು ದಿನದ ಖರ್ಚು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ನದು. ತಿನ್ನದವರಿಗೆ ಬಾಳೆಹಣ್ಣು. ಇಷ್ಟಾದರೂ ಜಗಳ ನಿಂತಿಲ್ಲ. ವಿಧಾನಸೌಧದಿಂದ ಇಳಿದು ಬಂದು ಮಗುವಿನ ತಟ್ಟೆಯ ಮುಂದೆ ಕೂತಿದೆ.

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಆ ಜಗಳದ ಮಾತು ಹೇಗಿರುತ್ತದೆ ಎಂಬುದು ಊಟದ ಹೊತ್ತಿಗೆ ಶಾಲೆಯ ವರಾಂಡದಲ್ಲಿ ನಿಂತವರಿಗೆಲ್ಲ ಗೊತ್ತು. "ಏನವ್ವಾ, ನೀನೂ ತತ್ತಿ ತಿಂತೀಯೇನು? ನಿಮ್ಮ ಮನ್ಯಾಗ ಗೊತ್ತೈತಾ?" "ನಿಮ್ಮೋರು ತಿಂತಾರಾ?" "ಸರಿದು ಕುಂದ್ರು, ವಾಸ್ನಿ ಬರ್ತೈತಿ." ಆಡಿದವರು ಮರುಗಳಿಗೆಗೆ ಮರೆತುಬಿಡುತ್ತಾರೆ. ಕೇಳಿಸಿಕೊಂಡ ಮಗು ಮಾತ್ರ ಬಿಡಿಸಿದ ಮೊಟ್ಟೆಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತದೆ. ಬೆಳ್ಳಗಿನ ಭಾಗ ಮೊದಲು ತಿಂದು ನಡುವಿನ ಹಳದಿ ಉಂಡೆಯನ್ನು ಕೊನೆಗೆಂದು ಆಸೆಯಿಂದ ಉಳಿಸಿಕೊಂಡಿದ್ದ ಹುಡುಗಿ ಗಬಕ್ಕನೆ ಒಟ್ಟಿಗೆ ನುಂಗಿ ಕೈ ತೊಳೆಯಲು ಎದ್ದು ಹೋಗುತ್ತಾಳೆ. ಮರುದಿನ ಅವಳೇ ಬಾಳೆಹಣ್ಣಿಗೆ ಕೈ ಚಾಚುತ್ತಾಳೆ. ದಾಖಲೆಯಲ್ಲಿ ಅದು ಅವಳ ಆಯ್ಕೆ ಎಂದು ಸೇರುತ್ತದೆ.

ಅದು ಆಯ್ಕೆಯಲ್ಲ. ಸರ್ಕಾರ ಕೊಟ್ಟ ಆಯ್ಕೆಯನ್ನು ದೊಡ್ಡವರ ಮಾತು ಕಿತ್ತುಕೊಂಡಿದೆ. ತಿನ್ನುವುದು ಬಿಡುವುದು ಮಗುವಿಗೆ ಮತ್ತು ಅದರ ಮನೆಗೆ ಸೇರಿದ್ದು. ಅದರ ಬಗ್ಗೆ ಮಾತಾಡುವ ಅಧಿಕಾರ ಮೇಷ್ಟ್ರಿಗಾಗಲಿ, ಎಸ್‌ಡಿಎಂಸಿ ಸದಸ್ಯರಿಗಾಗಲಿ, ಊರ ಹಿರಿಯರಿಗಾಗಲಿ, ಸ್ವಾಮೀಜಿಗಳಿಗಾಗಲಿ ಇಲ್ಲ.

ಈ ವಿವಾದ ಬೆಳೆದ ಬಗೆಯನ್ನು ನೆನೆಯಬೇಕು. ಬೇಯಿಸಿದ ಊಟ ಕೊಡಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. 2002ರಲ್ಲಿ ಕರ್ನಾಟಕದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಮೊದಲು ಆರಂಭವಾದದ್ದು ಬಳ್ಳಾರಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲೇ, ಹಸಿವು ಇಲ್ಲೇ ಹೆಚ್ಚಿತ್ತು ಎಂಬ ಕಾರಣಕ್ಕೆ. ಮೊಟ್ಟೆಯೂ ಮೊದಲು ಬಂದದ್ದು ಇದೇ ಕಾರಣಕ್ಕೆ, ಇದೇ ಕಡೆಗೆ. 2021ರ ಡಿಸೆಂಬರ್‌ನಲ್ಲಿ, ನಮ್ಮ ವಿಜಯನಗರ ಜಿಲ್ಲೆ ಉದ್ಘಾಟನೆಯಾಗಿ ಎರಡೇ ತಿಂಗಳಾಗಿದ್ದಾಗ, ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಒಂದರಿಂದ ಎಂಟನೇ ತರಗತಿಯ ಸುಮಾರು 14 ಲಕ್ಷ ಮಕ್ಕಳಿಗೆ ತಿಂಗಳಿಗೆ 12 ಮೊಟ್ಟೆ ಕೊಡಲು ಬೊಮ್ಮಾಯಿ ಸರ್ಕಾರ ಮುಂದಾಯಿತು. ಕೂಡಲೇ ಕೆಲವು ಲಿಂಗಾಯತ ಮಠಾಧೀಶರು ಬೀದಿಗಿಳಿಯುವ ಎಚ್ಚರಿಕೆ ಕೊಟ್ಟರು. ಮೊಟ್ಟೆ ಕೊಟ್ಟರೆ ಶಾಲೆ ಮಿಲಿಟರಿ ಹೋಟೆಲ್ ಆಗುತ್ತದೆ ಎಂಬಂಥ ಮಾತುಗಳೂ ಕೇಳಿಬಂದವು.

ಆಗ ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ಎದ್ದು ನಿಂತಳು. ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಸ್ವಾಮೀಜಿಗಳಿಗೆ ನೇರವಾಗಿ ಹೇಳಿದ ಅವಳ ವಿಡಿಯೊ ರಾಜ್ಯವೆಲ್ಲ ಓಡಾಡಿತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಆದರೆ ತನ್ನ ಪಾಲಿನ ಊಟಕ್ಕೆ ಶಾಲಾ ಬಾಲಕಿ ಕ್ಯಾಮೆರಾ ಮುಂದೆ ವಾದ ಮಾಡಬೇಕಾಗಿ ಬಂದದ್ದು ದೊಡ್ಡವರ ಸೋಲು. ಅವಳಂಥ ಗಟ್ಟಿ ದನಿ ಎಷ್ಟು ಮಕ್ಕಳಿಗಿರುತ್ತದೆ? ಉಳಿದವರು ಸುಮ್ಮನೆ ತಲೆ ತಗ್ಗಿಸುತ್ತಾರೆ. ಅವರ ಪರವಾಗಿ ಮಾತಾಡಬೇಕಾದವರು ನಾವು.

ವಿರೋಧಿಸುವವರ ವಾದಗಳಿಗೆ ಉತ್ತರ ಕೊಡೋಣ. ಶಾಲೆಯಲ್ಲಿ ಎಲ್ಲರೂ ಒಂದೇ. ಒಬ್ಬರಿಗೆ ಮೊಟ್ಟೆ, ಒಬ್ಬರಿಗೆ ಬಾಳೆಹಣ್ಣು ಕೊಟ್ಟರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂಬುದು ಮೊದಲ ವಾದ. ಭೇದ ಮೊಟ್ಟೆಯಿಂದ ಹುಟ್ಟುವುದಿಲ್ಲ. ಮಕ್ಕಳು ಮನೆಯಲ್ಲಿ ಏನು ತಿನ್ನುತ್ತಾರೆಂಬುದು ಅವರವರಿಗೆ ಮೊದಲೇ ಗೊತ್ತು. ಭೇದ ಹುಟ್ಟುವುದು "ತತ್ತಿ ತಿನ್ನೋರೆಲ್ಲ ಆ ಕಡಿ ಕುಂದ್ರಿ" ಎಂದು ದೊಡ್ಡವರು ಸಾಲು ಬೇರೆ ಮಾಡಿದಾಗ. ಅದನ್ನು ನಿಲ್ಲಿಸುವ ಬದಲು ಮೊಟ್ಟೆಯನ್ನೇ ನಿಲ್ಲಿಸಿದರೆ ಕಳೆದುಕೊಳ್ಳುವವರು ಯಾರು? ಮನೆಯಲ್ಲಿ ದಿನಾ ಹಾಲು, ಮೊಸರು, ತುಪ್ಪ, ಬೇಳೆ ಕಾಣುವ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ಅಪ್ಪ ಅವ್ವ ದುಡಿಯಲು ಬೆಂಗಳೂರಿಗೋ ಕಾಫಿ ಸೀಮೆಗೋ ಹೋಗಿ, ಅಜ್ಜಿಯ ಜೊತೆ ಅನ್ನ ಸಾರಿನ ಮೇಲೆ ದಿನ ದೂಡುವ ಮಗು ಕಳೆದುಕೊಳ್ಳುತ್ತದೆ. ಉಳ್ಳವರಿಗೆ ನಷ್ಟವಿಲ್ಲದ, ಇಲ್ಲದವರಿಂದ ಕಿತ್ತುಕೊಳ್ಳುವ ವ್ಯವಸ್ಥೆಗೆ ಸಮಾನತೆ ಎಂದು ಹೆಸರಿಡುವುದು ಅನ್ಯಾಯ.

ಸೊಪ್ಪು, ಕಾಳುಗಳಲ್ಲೂ ಪೌಷ್ಟಿಕಾಂಶ ಇದೆಯಲ್ಲ ಎಂಬುದು ಎರಡನೆಯ ವಾದ. ಇದೆ, ಅವನ್ನೂ ಕೊಡಿ. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಇದೆ, ಗಿಡಮೂಲದ ಆಹಾರದಲ್ಲಿ ಸಿಗದ ಬಿ12 ಜೀವಸತ್ವ ಇದೆ. ಸಾರಿಗೆ ನೀರು ಬೆರೆಸಬಹುದು, ಬೇಳೆ ಕಡಿಮೆ ಹಾಕಬಹುದು. ಮೊಟ್ಟೆಗೆ ಏನನ್ನೂ ಬೆರೆಸಲಾಗದು. ಬಂತೋ ಇಲ್ಲವೋ ಎಂದು ಒಂದನೇ ತರಗತಿಯ ಮಗು ಕೂಡ ಲೆಕ್ಕ ಹಾಕಬಲ್ಲದು. ಮೊಟ್ಟೆ ಕೊಡುತ್ತಿದ್ದ ಯಾದಗಿರಿಯ ಮಕ್ಕಳನ್ನು, ಆಗ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಅಧ್ಯಯನ ಮಾಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ಸಿದ್ಧವಾದ ವರದಿಯೊಂದು ಮೊಟ್ಟೆ ತಿಂದರೆ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂಬಂತೆ ಬರೆಯಿತು. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಹೀಗೆ ಸೊರಗಿ ಶಾಲೆಗೆ ಬರುವ ಮಕ್ಕಳ ಮುಂದೆ ಜೀವನಶೈಲಿಯ ಕಾಯಿಲೆಯ ಭಯ ಹಿಡಿದು ಕೂರುವುದು ಕ್ರೌರ್ಯ.

ಧಾರ್ಮಿಕ ಭಾವನೆ ಎಂಬುದು ಮೂರನೆಯ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಕೊಟ್ಟೂರೇಶ್ವರನ ತೇರು, ಉಜ್ಜಿನಿ ಪೀಠ, ಮೈಲಾರದ ಕಾರ್ಣಿಕ ಇರುವ ನೆಲ ಇದು. ಮಾಂಸ ಮುಟ್ಟದ ಮನೆಗಳಿಗೆ ಅವುಗಳದೇ ನಡೆ ಇದೆ, ಗೌರವಿಸಬೇಕು. ಆದರೆ ಗೌರವ ಅಂದರೆ ಏನು ಎಂಬುದನ್ನು ಕೂಡ್ಲಿಗಿ ಸೀಮೆಯ ಮ್ಯಾಸಬೇಡರಿಂದ ಕಲಿಯಬಹುದು. ಬುಡಕಟ್ಟಿನ ದೇವರು, ದೇವರೆತ್ತುಗಳನ್ನು ಇವತ್ತಿಗೂ ಪೂಜಿಸುವ ಈ ಜನರಲ್ಲಿ ಕುರಿ ಮಾಂಸಕ್ಕೆ ಅಡ್ಡಿಯಿಲ್ಲ. ಕೋಳಿ ಮಾತ್ರ ನಿಷಿದ್ಧ. ಸಂಪ್ರದಾಯಸ್ಥ ಹಟ್ಟಿಗಳು ಕೋಳಿ ಸಾಕುತ್ತಲೂ ಇರಲಿಲ್ಲ. ಅಷ್ಟು ಬಿಗಿಯಾದ ಕಟ್ಟಳೆ ಇಟ್ಟುಕೊಂಡವರು ಪಕ್ಕದ ಊರಿನವರ ಕೋಳಿ ಸಾರಿಗೆ ಅಡ್ಡ ಬಂದವರಲ್ಲ. ತಮ್ಮ ಕಟ್ಟಳೆ ತಮಗೆ, ಅಷ್ಟೆ. ಮಠದ ದಾಸೋಹದಲ್ಲಿ ಮಠದ ಕಟ್ಟಳೆ ನಡೆಯಲಿ, ಅಲ್ಲಿ ಮೊಟ್ಟೆ ಕೇಳುವುದು ತಪ್ಪು. ಸರ್ಕಾರಿ ಶಾಲೆ ಯಾವ ಮಠದ್ದೂ ಅಲ್ಲ, ಯಾವ ಜಾತಿಯದೂ ಅಲ್ಲ.

ತಟ್ಟೆಯ ಬಗೆಗಿನ ಈ ಚುಚ್ಚುಮಾತು ಶಾಲೆಗೇ ನಿಲ್ಲುವುದಿಲ್ಲವಾದ್ದರಿಂದ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ತಟ್ಟೆ ಮುಚ್ಚಿಕೊಳ್ಳುವುದನ್ನು ಕಲಿತ ಹುಡುಗ ಓದಿ ಬೆಂಗಳೂರಿಗೆ ಹೋಗುತ್ತಾನೆ. ಬಾಡಿಗೆ ಮನೆ ಕೇಳಿದರೆ "ವೆಜ್ಜಾ, ನಾನ್‌ವೆಜ್ಜಾ?" ಎಂಬ ಪ್ರಶ್ನೆ ಹೆಸರಿಗಿಂತ ಮೊದಲು ಬರುತ್ತದೆ. ಆಫೀಸಿನಲ್ಲಿ ಡಬ್ಬಿ ಬಿಚ್ಚಿದರೆ ಪಕ್ಕದವರ ಮುಖ ಸಿಂಡರಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ಪ್ರಕಟಣೆ ಮದ್ಯ, ತಂಬಾಕಿನ ಸಾಲಿನಲ್ಲಿ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿತ್ತು. ಬಾಡೂಟದ ಪರ ಜನ ದನಿ ಎತ್ತಿದ್ದು ಸುಮ್ಮನೆ ನಾಲಿಗೆ ಚಪಲಕ್ಕಲ್ಲ; ತಮ್ಮ ಮನೆಯ ಊಟವನ್ನು ಹೆಂಡ ಬೀಡಿಯ ಜೊತೆ ಎಣಿಸಿದ್ದು ಅವರ ಮನಸ್ಸಿಗೆ ತಾಗಿತ್ತು. 2025ರಲ್ಲಿ ಅದೇ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ಶಾಲೆಯಲ್ಲಿ ಮೊಟ್ಟೆ ಬೇಯಿಸುತ್ತಾರೆ ಎಂಬ ಕಾರಣಕ್ಕೆ ಹಲವು ಪೋಷಕರು ಮಕ್ಕಳನ್ನೇ ಬಿಡಿಸಿಕೊಂಡರು. ನಿಮ್ಮ ಮಗು ತಿನ್ನುವುದು ಬೇಡ ಎನ್ನುವ ಹಕ್ಕು ನಿಮಗಿದೆ. ಪಕ್ಕದ ಮಗುವಿಗೂ ಬೇಯಿಸಬೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಯಾರು ಮೊಟ್ಟೆ, ಯಾರು ಹಣ್ಣು ಎಂಬುದನ್ನು ತರಗತಿಯಲ್ಲಿ ಕೈ ಎತ್ತಿಸಿ ಕೇಳುವುದು ನಿಲ್ಲಬೇಕು. ಪೋಷಕರನ್ನು ಕರೆದು ಕೇಳಿ ಬರೆದುಕೊಳ್ಳಲಿ. ಮನಸ್ಸು ಬದಲಾದರೆ ಬದಲಿಸಲು ಅವಕಾಶ ಇರಲಿ. ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಹೊತ್ತಿಗೆ ಕೂರಲಿ. ಮೇಷ್ಟ್ರುಗಳು ಅದೇ ಸಾಲಿನಲ್ಲಿ ಕೂತು ಉಣ್ಣಲಿ; ತಾವು ಮೊಟ್ಟೆ ತಿನ್ನದವರಾದರೆ ಅನ್ನ ಸಾರನ್ನೇ ಉಣ್ಣಲಿ, ಪಕ್ಕದ ತಟ್ಟೆಯ ಬಗ್ಗೆ ತುಟಿ ಬಿಚ್ಚದಿರಲಿ. ಮೊಟ್ಟೆ ಬೇಡ ಎಂದ ಮಗುವನ್ನು "ಪುಳಿಚಾರು" ಎಂದು ಆಡಿಕೊಳ್ಳುವುದನ್ನೂ ಅಷ್ಟೇ ಗಟ್ಟಿಯಾಗಿ ತಡೆಯಬೇಕು. ಆ ಮಗುವಿಗೂ ಒಂದು ಅನ್ಯಾಯ ಆಗುತ್ತಿದೆ: ಬಾಳೆಹಣ್ಣಿನಲ್ಲಿ ಇರುವುದು ಸುಮಾರು ಒಂದು ಗ್ರಾಂ ಪ್ರೋಟೀನ್. ಶೇಂಗಾ ಬೆಳೆಯುವ ಕೂಡ್ಲಿಗಿಯಲ್ಲಿ ಬೇಯಿಸಿದ ಶೇಂಗಾ, ಮೊಳಕೆ ಕಾಳು ಕೊಡುವುದು ಕಷ್ಟದ ಮಾತಲ್ಲ. ಮೊಟ್ಟೆ ತಿನ್ನದ ಮನೆಗಳ ಹಿರಿಯರು ಮೊಟ್ಟೆ ನಿಲ್ಲಿಸಿ ಎಂದು ಕೂಗುವ ಬದಲು ನಮ್ಮ ಮಕ್ಕಳಿಗೆ ಅದಕ್ಕೆ ಸಮನಾದದ್ದು ಕೊಡಿ ಎಂದು ಕೇಳಿದರೆ ಅವರ ಜೊತೆ ನಾನೂ ಬಂದು ಬಿಇಒ ಕಚೇರಿಯ ಮುಂದೆ ನಿಲ್ಲುತ್ತೇನೆ.

ಕೊನೆಯದಾಗಿ ಶಾಲೆಯ ಹೊರಗಿರುವ ನಮಗೆ. ಮುಂದಿನ ಸಲ ನಿಮ್ಮೆದುರು ಯಾರಾದರೂ ಮಗುವಿಗೆ "ಅದನ್ನ ಯಾಕ ತಿಂತೀ?" ಎಂದರೆ ಉತ್ತರ ಕೊಡುವ ಕೆಲಸವನ್ನು ಮಗುವಿಗೆ ಬಿಡಬೇಡಿ. "ಅದು ಅವನ ಊಟ, ನೀವು ಸುಮ್ನಿರ್ರಿ" ಎಂದು ಅಲ್ಲೇ, ಎಲ್ಲರಿಗೂ ಕೇಳಿಸುವಂತೆ ಹೇಳಿ. ಹಿರಿಯರಾಗಿರಲಿ, ನೆಂಟರಾಗಿರಲಿ, ಗುರುಗಳಾಗಿರಲಿ, ಹೇಳಿ. ದಾಕ್ಷಿಣ್ಯಕ್ಕೆ ಬಿದ್ದು ನಾವು ಸುಮ್ಮನಿದ್ದಷ್ಟು ದಿನವೂ ಮೊಟ್ಟೆಯ ಆದೇಶ ಬರೀ ಕಾಗದವಾಗಿಯೇ ಉಳಿಯುತ್ತದೆ.