ಹಾಡು ಬೇಕು, ಹಾಡಿದವರ ಹೆಸರು ಬೇಡವೇ?

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ‘ಡೆಂಗಿ ಫೀವರ್’ ಎಂಬ ಹೆಸರಿನ ಒಂದು ಬ್ಯಾಂಡ್ ಇದೆ. ಹೌದು, ಮಳೆಗಾಲ ಬಂತೆಂದರೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಡ್ರಮ್ಮಿನ ನೀರು ಚೆಲ್ಲಿಸುತ್ತಾರಲ್ಲ, ಅದೇ ಡೆಂಗಿ. ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ಅಂದುಕೊಳ್ಳಬೇಡಿ. ಗಿಟಾರ್, ಕೀಬೋರ್ಡ್, ಡ್ರಮ್ಸ್, ಸ್ಯಾಕ್ಸೊಫೋನ್ ಇಟ್ಟುಕೊಂಡು ದೇಶ ದೇಶ ತಿರುಗಿ ಕಾರ್ಯಕ್ರಮ ಕೊಡುವ ಆರು ಜನರ ತಂಡ ಇದು. ಐವರು ಅಮೆರಿಕದ ಗಂಡಸರು. ಮುಂದೆ ನಿಂತು ಹಾಡುವವರು ಕಾಂಬೋಡಿಯಾದ ಗಾಯಕಿ ಛೋಮ್ ನಿಮೋಲ್. ಹಾಡುವ ಭಾಷೆ ಹೆಚ್ಚಾಗಿ ಖಮೇರ್, ಅಂದರೆ ಕಾಂಬೋಡಿಯಾದ ಭಾಷೆ. ಎದುರಿಗೆ ಕುಣಿಯುವ ಜನರಲ್ಲಿ ಬಹುಪಾಲು ಮಂದಿಗೆ ಒಂದಕ್ಷರ ಅರ್ಥವಾಗುವುದಿಲ್ಲ.

ಈ ತಂಡದ ಬಗ್ಗೆ ಎರಡು ಮಾತು ಓಡಾಡುತ್ತವೆ. ಸತ್ತುಹೋಗಿದ್ದ ಕಾಂಬೋಡಿಯಾದ ಸಂಗೀತವನ್ನು ಅಮೆರಿಕದ ಹುಡುಗರು ಬದುಕಿಸಿದರು ಅನ್ನುವುದು ಒಂದು. ಬಡ ದೇಶದ ಹಾಡು ಎತ್ತಿಕೊಂಡು, ಕಲಬೆರಕೆ ಮಾಡಿ, ದುಡ್ಡು ಮಾಡಿಕೊಂಡರು ಅನ್ನುವುದು ಇನ್ನೊಂದು. ನಾವು ಎರಡನ್ನೂ ಒಪ್ಪುವುದಿಲ್ಲ. ಮೊದಲನೆಯದರ ಮೇಲಂತೂ ನಮಗೆ ಸಿಟ್ಟೇ ಇದೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1960ರ ದಶಕದ ಕಾಂಬೋಡಿಯಾ. ರಾಜಧಾನಿ ನೋಮ್ ಪೆನ್‌ನಲ್ಲಿ ರೇಡಿಯೊ, ರೆಕಾರ್ಡ್ ಅಂಗಡಿ, ರಾತ್ರಿಯ ನೃತ್ಯಶಾಲೆಗಳು ಭರ್ಜರಿಯಾಗಿ ನಡೆಯುತ್ತಿದ್ದ ಕಾಲ. ದೇಶವಾಳುತ್ತಿದ್ದ ಸಿಹಾನೂಕ್ ತಾವೇ ಹಾಡು ಕಟ್ಟುತ್ತಿದ್ದರು. ಪಕ್ಕದ ವಿಯೆಟ್ನಾಂನಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟಿತ್ತು. ಆ ಸೈನಿಕರಿಗಾಗಿ ಹಾಕುತ್ತಿದ್ದ ರೇಡಿಯೊ ಗಡಿ ದಾಟಿ ಇತ್ತ ಕೇಳಿಸುತ್ತಿತ್ತು. ಕಾಂಬೋಡಿಯಾದ ಹುಡುಗರು ಆ ಗಿಟಾರಿನ ಸದ್ದು ಕೇಳಿದರು, ತಮ್ಮ ಹಾಡಿಗೆ ಹಾಕಿಕೊಂಡರು. ಖಮೇರ್ ಹಾಡುಗಾರಿಕೆಯಲ್ಲಿ ಗಂಟಲು ಎದೆಯ ದನಿಯಿಂದ ಥಟ್ಟನೆ ತೆಳು ದನಿಗೆ ಜಾರಿ ಮತ್ತೆ ಇಳಿಯುವ ಒಂದು ವರಸೆ ಇದೆ. ಆ ವರಸೆ ಬಿಡದೆ, ರಾಕ್ ತಾಳದ ಮೇಲೆ ಹಾಡಿದರು. ಸಿನ್ ಸಿಸಾಮೌತ್, ರೋಸ್ ಸೆರೆ ಸೋಥಿಯಾ, ಪಾನ್ ರಾನ್: ಈ ಮೂವರ ಹೆಸರು ಹಳೆಯ ತಲೆಮಾರಿನ ಕಾಂಬೋಡಿಯನ್ನರಿಗೆ ಇಂದಿಗೂ ಮನೆಮಾತು. ನಮ್ಮಲ್ಲಿ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅಂದ ಹಾಗೆ.

ಅಂದರೆ ಬೆರಕೆ ಮಾಡಿದ್ದು ಅಮೆರಿಕದ ಹುಡುಗರಲ್ಲ. ಅವರಿಗಿಂತ ನಲವತ್ತು ವರ್ಷ ಮುಂಚೆ ಕಾಂಬೋಡಿಯನ್ನರೇ ಮಾಡಿದ್ದರು, ಯಾರ ಅಪ್ಪಣೆಯನ್ನೂ ಕೇಳದೆ.

ಆಮೇಲೆ ಏನಾಯಿತು? ಗಿಟಾರಿನ ಸದ್ದು ಕಳಿಸಿದ ದೇಶವೇ ಬಾಂಬುಗಳನ್ನೂ ಕಳಿಸಿತು. ವಿಯೆಟ್ನಾಂ ಯುದ್ಧದ ನೆಪದಲ್ಲಿ 1973ರವರೆಗೆ ಕಾಂಬೋಡಿಯಾದ ಹಳ್ಳಿಗಳ ಮೇಲೆ ಅಮೆರಿಕ ಸುರಿದ ಬಾಂಬು ಸುಮಾರು 5 ಲಕ್ಷ ಟನ್ ಅಂತ ಲೆಕ್ಕ ಹೇಳುತ್ತಾರೆ. ಆ ಗದ್ದಲದಲ್ಲೇ ಬಲಿತ ಖಮೇರ್ ರೂಜ್ ಪಡೆ 1975ರ ಏಪ್ರಿಲ್ 17ರಂದು ನೋಮ್ ಪೆನ್ ಹಿಡಿಯಿತು. ನಗರದ ಜನರನ್ನೆಲ್ಲ ಹಳ್ಳಿಗೆ ಅಟ್ಟಿದರು. ಓದಿದವರು, ಮೇಷ್ಟ್ರುಗಳು, ಹಾಡುವವರು, ಕುಣಿಯುವವರು ಎಲ್ಲರೂ ಅವರ ಕಣ್ಣಿಗೆ ಶತ್ರುಗಳು. 1979ರ ಜನವರಿಗೆ ಪೋಲ್ ಪಾಟ್ ಆಡಳಿತ ಬೀಳುವ ಹೊತ್ತಿಗೆ ಕೊಲೆ, ಹಸಿವು, ಕಾಯಿಲೆಯಿಂದ 15ರಿಂದ 20 ಲಕ್ಷ ಜನ ಸತ್ತಿದ್ದರು. ದೇಶದ ಜನಸಂಖ್ಯೆಯ ಐದರಲ್ಲಿ ಒಂದು ಪಾಲಿಗೂ ಹೆಚ್ಚು. ಸಿಸಾಮೌತ್, ಸೋಥಿಯಾ, ಪಾನ್ ರಾನ್ ಮೂವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

ಗಾಯಕರು ಹೋದರು, ಹಾಡು ಉಳಿಯಿತು. ಅದನ್ನು ಉಳಿಸಿದ್ದು ಯಾರು? ಜೀವ ಕೈಯಲ್ಲಿ ಹಿಡಿದು ಗಡಿ ದಾಟುವಾಗಲೂ ಹಾಡು ಮರೆಯದ ಕಾಂಬೋಡಿಯಾದ ಮಾಮೂಲಿ ಜನ. ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿ, ಆಮೇಲೆ ಫ್ರಾನ್ಸಿನಲ್ಲಿ, ಅಮೆರಿಕದಲ್ಲಿ ನೆಲೆಸಿದವರು ಅಳಿದುಳಿದ ರೆಕಾರ್ಡುಗಳನ್ನು ಕ್ಯಾಸೆಟ್ಟಿಗೆ ಹಾಕಿಕೊಂಡರು. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ, ಮತ್ತೆ ಅದರಿಂದ ಇನ್ನೊಂದಕ್ಕೆ. ಕೆಲವರು ಕಾಲಕ್ಕೆ ತಕ್ಕ ಹಾಗಿರಲಿ ಅಂತ ಹಳೆಯ ದನಿಯ ಮೇಲೆ ಹೊಸ ಡ್ರಮ್ಸ್ ಬಡಿದರು. ವೇಗ ಹೆಚ್ಚುಕಡಿಮೆಯಾಯಿತು, ಸದ್ದು ಮಸುಕಾಯಿತು. ಆದರೂ ಮದುವೆಯಲ್ಲಿ, ಹೋಟೆಲಿನಲ್ಲಿ, ಅಡುಗೆಮನೆಯಲ್ಲಿ ಆ ಹಾಡುಗಳು ನಿಲ್ಲಲಿಲ್ಲ. ಆರ್ನ್ ಚೋರ್ನ್-ಪಾಂಡ್ ಅನ್ನುವವರ ಕಥೆ ಕೇಳಿ. ಹುಡುಗನಾಗಿದ್ದಾಗ ಖಮೇರ್ ರೂಜ್ ಶಿಬಿರದಲ್ಲಿ ಸೈನಿಕರಿಗೆ ಕೊಳಲು ನುಡಿಸಿ ಜೀವ ಉಳಿಸಿಕೊಂಡವರು. 1998ರಲ್ಲಿ ದೇಶಕ್ಕೆ ಮರಳಿ, ಬದುಕುಳಿದ ಹಳೆಯ ಕಲಾವಿದರನ್ನು ಹುಡುಕಿ ಹುಡುಕಿ ಅವರ ಕೈಲಿ ಮಕ್ಕಳಿಗೆ ಪಾಠ ಹೇಳಿಸಲು ಶುರು ಮಾಡಿದರು. ಆ ಕೆಲಸವೇ ಇಂದು ‘ಕಾಂಬೋಡಿಯನ್ ಲಿವಿಂಗ್ ಆರ್ಟ್ಸ್’ ಸಂಸ್ಥೆಯಾಗಿ ಬೆಳೆದಿದೆ. ಇಷ್ಟೆಲ್ಲ ಆದ ಮೇಲೂ ‘ಸತ್ತ ಸಂಗೀತವನ್ನು ಅಮೆರಿಕದವರು ಬದುಕಿಸಿದರು’ ಅಂತ ಬರೆಯುವವರನ್ನು ಏನೆನ್ನಬೇಕು? ಅದು ಯಾವಾಗ ಸತ್ತಿತ್ತು ಸ್ವಾಮಿ? ನಿಮ್ಮ ಕಿವಿಗೆ ಬಿದ್ದಿರಲಿಲ್ಲ, ಅಷ್ಟೆ.

ನಿಜವಾದ ತಪ್ಪು ನಡೆದಿರುವುದು ಬೇರೆ ಕಡೆ. 1996ರಲ್ಲಿ ನ್ಯೂಯಾರ್ಕಿನ ಒಂದು ಚಿಕ್ಕ ಕಂಪನಿ ‘ಕಾಂಬೋಡಿಯನ್ ರಾಕ್ಸ್’ ಅಂತ ಒಂದು ಸಂಗ್ರಹ ಹೊರತಂದಿತು. ಪ್ರವಾಸ ಹೋದವರೊಬ್ಬರು ಅಲ್ಲಿ ಕೊಂಡು ತಂದ ಕ್ಯಾಸೆಟ್ಟುಗಳಿಂದ ಆರಿಸಿದ ಹಾಡುಗಳು. ಹಾಡುಗಳೇನೋ ಅದ್ಭುತ. ಕವರ್ ತಿರುಗಿಸಿ ನೋಡಿದರೆ ಹಾಡಿನ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಒಂದೂ ಇಲ್ಲ. ಪಾಶ್ಚಾತ್ಯ ಕೇಳುಗರು ಅದನ್ನು ಏನೋ ನಿಗೂಢ ನಿಧಿ ಅನ್ನುವ ಹಾಗೆ ಹಂಚಿಕೊಂಡರು. ನಿಗೂಢವೇನೂ ಇರಲಿಲ್ಲ. ಯಾವ ಕಾಂಬೋಡಿಯನ್ ಅಜ್ಜಿಗೆ ಕೇಳಿಸಿದ್ದರೂ ಎರಡು ಸಾಲು ಮುಗಿಯುವುದರೊಳಗೆ ‘ಇದು ಸೋಥಿಯಾ’ ಅನ್ನುತ್ತಿದ್ದರು. ಬೀದಿ ಬೀದಿಯಲ್ಲಿ ಪರಿಚಯವಿದ್ದ ದನಿಗೆ ಹೆಸರಿಲ್ಲದ ಹಾಗೆ ಮಾಡಿ ಮಾರುವುದು ಎಂಥ ಸಂಗೀತ ಪ್ರೇಮ? ಆಮೇಲೆ ಅಭಿಮಾನಿಗಳು ಒಂದೊಂದೇ ಹಾಡಿನ ಗುರುತು ಹಿಡಿದು ಹೆಸರು ಸೇರಿಸಬೇಕಾಯಿತು.

ಹೆಸರಿನ ಮಾತು ಬರೀ ಮರ್ಯಾದೆಯದ್ದಲ್ಲ, ಹಣದ್ದೂ ಹೌದು. ಕಾಂಬೋಡಿಯಾದಲ್ಲಿ ಕಾಪಿರೈಟ್ ಕಾಯ್ದೆ ಬಂದದ್ದೇ 2003ರಲ್ಲಿ. ಸತ್ತ ಗಾಯಕರ ಮಕ್ಕಳು ‘ಇದು ನಮ್ಮಪ್ಪ ಕಟ್ಟಿದ ಹಾಡು’ ಅಂತ ಹಕ್ಕು ಕೇಳಬೇಕಾದರೆ ದಾಖಲೆ ಬೇಕು. ಮನೆ, ಪೆಟ್ಟಿಗೆ, ಕಾಗದ ಎಲ್ಲ ಬಿಟ್ಟು ಓಡಿದವರ ಕೈಲಿ ಯಾವ ದಾಖಲೆ ಇರುತ್ತದೆ? ಪಹಣಿಯಲ್ಲಿ ಹೆಸರಿಲ್ಲದೆ ಮೂರು ತಲೆಮಾರು ಉತ್ತ ಹೊಲಕ್ಕಾಗಿ ತಾಲೂಕು ಕಚೇರಿಗೆ ಅಲೆದವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ರೆಕಾರ್ಡಿನ ಕವರಿನ ಮೇಲೆ ಅಚ್ಚಾದ ಒಂದು ಹೆಸರು ಅಂಥವರ ಪಾಲಿಗೆ ಪಹಣಿ ಇದ್ದ ಹಾಗೆ. ಆ ಕವರುಗಳನ್ನೂ ಮೂಲ ರೆಕಾರ್ಡುಗಳನ್ನೂ ಹುಡುಕಿ ಕೂಡಿಡುವ ಕೆಲಸವನ್ನು ಕಾಂಬೋಡಿಯಾ ಮೂಲದ ಯುವಕರೇ ‘ಕಾಂಬೋಡಿಯನ್ ವಿಂಟೇಜ್ ಮ್ಯೂಸಿಕ್ ಆರ್ಕೈವ್’ ಕಟ್ಟಿಕೊಂಡು ಮಾಡುತ್ತಿದ್ದಾರೆ.

ಈಗ ಡೆಂಗಿ ಫೀವರ್ ತಂಡಕ್ಕೆ ಬರೋಣ. 1997ರಲ್ಲಿ ಈಥನ್ ಹೋಲ್ಟ್ಸ್‌ಮನ್ ಕಾಂಬೋಡಿಯಾ ತಿರುಗಾಡಲು ಹೋಗಿದ್ದರು. ಜೊತೆಗಿದ್ದ ಗೆಳೆಯನಿಗೆ ಡೆಂಗಿ ಬಂತು. ಅದೇ ಪ್ರಯಾಣದಲ್ಲಿ ಈ ಹಾಡುಗಳು ಕಿವಿಗೆ ಬಿದ್ದವು, ಕ್ಯಾಸೆಟ್ ಕೊಂಡು ಮನೆಗೆ ಬಂದರು. ತಮ್ಮ ಊರಿಗೆ ಬಂದು ಸಹೋದರ ಝ್ಯಾಕ್ ಜೊತೆ ಬ್ಯಾಂಡ್ ಕಟ್ಟುವ ಯೋಚನೆ ಮಾಡಿದಾಗ ಅವರ ಮುಂದೆ ಸುಲಭದ ದಾರಿಯೊಂದಿತ್ತು. ಟ್ಯೂನ್ ಎತ್ತಿಕೊಂಡು ಇಂಗ್ಲಿಷ್ ಹಾಡು ಬರೆದುಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕಾಂಬೋಡಿಯನ್ನರು ಹೆಚ್ಚಾಗಿರುವ ಲಾಂಗ್ ಬೀಚ್‌ಗೆ ಹೋಗಿ, ಅಲ್ಲಿನ ಹೋಟೆಲುಗಳಲ್ಲಿ ಹಾಡುವ ಗಾಯಕಿಯರನ್ನು ವಿಚಾರಿಸಿದರು. ಹಾಗೆ ಸಿಕ್ಕವರು ನಿಮೋಲ್. ‘ಡ್ರ್ಯಾಗನ್ ಹೌಸ್’ ಅನ್ನುವ ಹೋಟೆಲಿನಲ್ಲಿ ಹಾಡುತ್ತಿದ್ದರು.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ನಿಮೋಲ್ ಅವರನ್ನು ಯಾರೂ ‘ಪತ್ತೆ ಹಚ್ಚಲಿಲ್ಲ’. ಬಟ್ಟಂಬಾಂಗ್ ಪ್ರಾಂತ್ಯದ ಹಾಡುಗಾರರ ಮನೆತನ ಅವರದು. ಕಾಂಬೋಡಿಯಾದ ರಾಜ, ರಾಣಿಯ ಮುಂದೆ ಹಾಡಿ ಬಂದವರು. ಲಾಂಗ್ ಬೀಚ್ ಜನರ ನಡುವೆ ಆಗಲೇ ದೊಡ್ಡ ಹೆಸರು. ಹೆಸರಿಲ್ಲದವರು ಆ ಅಣ್ಣತಮ್ಮಂದಿರು. ಇಂಗ್ಲಿಷ್ ಅಷ್ಟಾಗಿ ಬಾರದ ಕಾಲದಲ್ಲಿ, ಗುರುತಿಲ್ಲದ ಗಂಡಸರ ತಂಡವನ್ನು ನಂಬಿ ಜೊತೆಗೆ ಹೋಗುವ ಧೈರ್ಯ ಮಾಡಿದವರು ನಿಮೋಲ್. ಪತ್ರಿಕೆಯವರು ಯಾವಾಗಲೂ ಈಥನ್ ಅವರ ಪ್ರವಾಸದಿಂದಲೇ ಕಥೆ ಶುರು ಮಾಡುತ್ತಾರೆ. (ನೋಡಿ, ನಾವೂ ಅದನ್ನೇ ಮಾಡಿದೆವು.)

ಆ ಧೈರ್ಯಕ್ಕೆ ತೆತ್ತ ಬೆಲೆ ಕೇಳಿ. ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ವಲಸಿಗರ ಮೇಲೆ ಎಲ್ಲಿಲ್ಲದ ಬಿಗಿ. ತಂಡದ ಮೊದಲ ದಿನಗಳಲ್ಲೇ, ಒಂದು ಶೋ ಮುಗಿಸಿ ಮರಳುವಾಗ ಅಧಿಕಾರಿಗಳು ವೀಸಾ ಅವಧಿ ಮೀರಿದೆ ಅಂತ ನಿಮೋಲ್ ಅವರನ್ನು ಹಿಡಿದು ವಾರಗಟ್ಟಲೆ ಬಂಧನದಲ್ಲಿಟ್ಟರು. ಒಂದೇ ಗಾಡಿ, ಒಂದೇ ಶೋ, ಒಂದೇ ಹಾಡು. ಐವರ ಜೇಬಲ್ಲಿ ಸರಿಯಾದ ಪಾಸ್‌ಪೋರ್ಟ್, ಒಬ್ಬರ ಬಳಿ ಇಲ್ಲ. ವಕೀಲರ ಫೀಸು ಕಟ್ಟಲು ತಂಡ ದುಡಿಯಬೇಕಾಯಿತು. ಅಮೆರಿಕ 2002ರಲ್ಲಿ ಕಾಂಬೋಡಿಯಾ ಜೊತೆ ಒಪ್ಪಂದ ಮಾಡಿಕೊಂಡು, ಎಳೆಯ ವಯಸ್ಸಿನಲ್ಲಿ ನಿರಾಶ್ರಿತರಾಗಿ ಬಂದು ಅಲ್ಲೇ ಬೆಳೆದವರನ್ನೂ ಅಪರಾಧದ ದಾಖಲೆ ಇದ್ದರೆ ವಾಪಸ್ ಕಳಿಸತೊಡಗಿತು. ಬಾಂಬು ಹಾಕಿದ ದೇಶ, ಓಡಿ ಬಂದವರನ್ನು ಎತ್ತಿ ಆಚೆ ಹಾಕುತ್ತಿರುವಾಗಲೇ ‘ಕಾಂಬೋಡಿಯಾ ಸಂಗೀತ ಎಷ್ಟು ಚಂದ’ ಅಂತ ಚಪ್ಪಾಳೆ ತಟ್ಟುತ್ತಿತ್ತು.

ತಂಡದ ಮೊದಲ ಆಲ್ಬಂ 2003ರಲ್ಲಿ ಬಂತು. ಹೆಚ್ಚಿನವು ಹಳೆಯ ಹಾಡುಗಳೇ. 2005ರಲ್ಲಿ ಬಂದ ಎರಡನೆಯದು ಸ್ವಂತ ಹಾಡುಗಳದ್ದು. ಹೆಸರಿನಲ್ಲೇ ನಿಮೋಲ್ ಹಾಡುತ್ತಿದ್ದ ಆ ಡ್ರ್ಯಾಗನ್ ಹೌಸ್ ಇದೆ. ಅದೇ ವರ್ಷ ಇಡೀ ತಂಡ ಕಾಂಬೋಡಿಯಾಕ್ಕೆ ಹೋಗಿ ಹಾಡಿತು. ಖಮೇರ್ ಹಾಡನ್ನು ಖಮೇರ್ ಬಲ್ಲವರ ಎದುರೇ ಹಾಡುವುದು. ತಪ್ಪಿದರೆ ಹಿಡಿಯುವವರು ಮುಂದೆಯೇ ಕೂತಿರುತ್ತಾರೆ. ಈ ಪ್ರವಾಸದ ಮೇಲೆ ಒಂದು ಸಾಕ್ಷ್ಯಚಿತ್ರವೂ ಇದೆ, ‘ಸ್ಲೀಪ್‌ವಾಕಿಂಗ್ ಥ್ರೂ ದ ಮೆಕಾಂಗ್’. 2010ರಲ್ಲಿ ಹಳೆಯ ಮೂಲ ಹಾಡುಗಳ ಸಂಗ್ರಹವೊಂದನ್ನು ತಂಡವೇ ತಂದಿತು. ಬಂದ ಹಣ ಆರ್ನ್ ಚೋರ್ನ್-ಪಾಂಡ್ ಅವರ ಸಂಸ್ಥೆಗೆ ಅಂತ ಇಟ್ಟರು. ಎರಡು ಸಂಗ್ರಹಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1996ರದ್ದು ಹೆಸರನ್ನೇ ಹಾಕಲಿಲ್ಲ. 2010ರದ್ದು ಹಣವನ್ನೂ ಹಿಂದಕ್ಕೆ ಕಳಿಸಲು ನೋಡಿತು. ಎರಡೂ ಬಿಳಿಯರು ಮಾಡಿದ್ದೇ, ಎರಡೂ ಅದೇ ಹಾಡುಗಳೇ. ಕಳ್ಳತನ ಯಾವುದು, ಯಾವುದಲ್ಲ ಅಂತ ಹೇಳಲು ಚರ್ಮದ ಬಣ್ಣ ನೋಡಬೇಕಾಗಿಲ್ಲ.

ಹಾಗಂತ ನಾವು ತಂಡಕ್ಕೆ ಹಾರ ಹಾಕುತ್ತಿಲ್ಲ. ಇಪ್ಪತ್ತು ವರ್ಷ ಇಂಥ ತಂಡವೊಂದು ಓಡಿದ್ದು ಹಳೆಯ ಹಾಡಿನ ಬಲದಿಂದ. ಆ ಸಾಲ ಒಂದು ಆಲ್ಬಮ್ಮಿನ ದೇಣಿಗೆಯಿಂದ ತೀರುವಂಥದ್ದಲ್ಲ. ಆದರೆ ‘ಕಲಬೆರಕೆ’ ಅನ್ನುವ ಬೈಗುಳ ಮಾತ್ರ ನಮಗೆ ಹಿಡಿಸುವುದಿಲ್ಲ. ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ ಎಲ್ಲಿಂದ ಬಂತು? ಯುರೋಪಿನಿಂದ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿ ತೋರಿಸಿದರಲ್ಲ. ಶುದ್ಧ ಸಂಗೀತ ಅಂತ ಮೂಗು ಮುರಿಯುವವರು ಆ ವಾದ್ಯವನ್ನು ವಾಪಸ್ ಬೆಲ್ಜಿಯಂಗೆ ಕಳಿಸುತ್ತಾರೋ?

2008ರ ಆಲ್ಬಮ್ಮಿನಲ್ಲಿ ಒಂದು ಹಾಡಿದೆ, ‘ಟೈಗರ್ ಫೋನ್ ಕಾರ್ಡ್’. ಹುಡುಗಿ ನೋಮ್ ಪೆನ್‌ನಲ್ಲಿ, ಹುಡುಗ ನ್ಯೂಯಾರ್ಕಿನಲ್ಲಿ, ನಡುವೆ ಫೋನ್ ಕಾರ್ಡ್. ಗಲ್ಫಿಗೆ ದುಡಿಯಲು ಹೋದವರ ಕರೆಗಾಗಿ ಎಸ್‌ಟಿಡಿ ಬೂತಿನ ಮುಂದೆ ಕಾದ ಕರಾವಳಿಯ ಮನೆಗಳಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಶುದ್ಧ ಖಮೇರ್ ಸಂಗೀತದಲ್ಲೂ ಈ ಹಾಡಿಲ್ಲ, ಶುದ್ಧ ಅಮೆರಿಕನ್ ಸಂಗೀತದಲ್ಲೂ ಇಲ್ಲ. ಎರಡು ಊರಿನಲ್ಲಿ ಒಂದೊಂದು ಕಾಲಿಟ್ಟು ಬದುಕುವವರು ಮಾತ್ರ ಇದನ್ನು ಹಾಡಬಲ್ಲರು.

ತಂಡ ಈಗಲೂ ಇದೆ. 2023ರಲ್ಲಿ ಬಂದ ಆಲ್ಬಮ್ಮಿನ ಹೆಸರು ‘ಟಿಂಗ್ ಮೋಂಗ್’. ಊರಿಗೆ ಕಾಯಿಲೆ ಕಾಲಿಟ್ಟಾಗ ಕಾಂಬೋಡಿಯಾದ ಹಳ್ಳಿಯವರು ಮನೆ ಮುಂದೆ ನಿಲ್ಲಿಸುವ ಬೆದರುಬೊಂಬೆಗೆ ಹಾಗನ್ನುತ್ತಾರೆ. ಡೆಂಗಿ ಅಂತ ಹೆಸರಿಟ್ಟುಕೊಂಡವರು ಕೊನೆಗೆ ರೋಗ ಓಡಿಸುವ ಬೊಂಬೆಯನ್ನೂ ತಂದು ನಿಲ್ಲಿಸಿದ್ದಾರೆ. ಇವತ್ತು ರಾತ್ರಿ ಡೇಟಾ ಉಳಿದಿದ್ದರೆ ಯೂಟ್ಯೂಬಿನಲ್ಲಿ ಹುಡುಕಿ ಕೇಳಿ. ಆದರೆ ಮೊದಲು ರೋಸ್ ಸೆರೆ ಸೋಥಿಯಾ ಅಂತ ಹುಡುಕಿ, ಆಮೇಲೆ ಡೆಂಗಿ ಫೀವರ್.